ಘಟ್ಟದ ಮನೆಗೊಂದು ಟ್ಯೂನರ್

ಮನೆಯ ಹೈ-ಫೈ ಬಗ್ಗೆ ಮಾತು ಬಂದರೆ ಎಲ್ಲರೂ ಸ್ಪೀಕರ್ ವಿಷಯ ಎತ್ತುತ್ತಾರೆ, ಆಂಪ್ಲಿಫೈಯರ್ ಎಷ್ಟು ವಾಟಿನದು ಎಂದು ಕೇಳುತ್ತಾರೆ. ಟ್ಯೂನರ್ ವಿಚಾರಿಸುವವರು ಕಡಿಮೆ. ನನಗೆ ಮಾತ್ರ ಇಡೀ ಸಾಲಿನಲ್ಲಿ ಅದೇ ಅಚ್ಚುಮೆಚ್ಚಿನ ಪೆಟ್ಟಿಗೆ. ಜಯನಗರದಲ್ಲಿ ಚೆನ್ನಾಗಿ ನುಡಿದ ಸ್ಪೀಕರ್ ಸಕಲೇಶಪುರದಲ್ಲೂ ಚೆನ್ನಾಗಿಯೇ ನುಡಿಯುತ್ತದೆ. ಟ್ಯೂನರಿಗೆ ಆ ಭಾಗ್ಯವಿಲ್ಲ. ಮನೆಯ ಸುತ್ತ ಯಾವ ಗುಡ್ಡ ನಿಂತಿದೆ, ಕಣಿವೆ ಯಾವ ದಿಕ್ಕಿಗೆ ತೆರೆದಿದೆ, ಪ್ರಸಾರದ ಗೋಪುರ ಎಷ್ಟು ದೂರ, ಮಳೆ ಎಷ್ಟು, ಮರ ಎಷ್ಟು ಎಂಬುದರ ಮೇಲೆ ಅದರ ಬಾಳು ನಿಂತಿದೆ. ಊರಿನ ಗಾಳಿಯಲ್ಲಿ ಏನಿದೆ ಎಂದು ತಿಳಿಯದೆ ಕೊಂಡ ಟ್ಯೂನರ್ ಎಷ್ಟು ದುಬಾರಿಯದಾದರೂ ಮೂಕವಾಗಿಯೇ ಕೂರುತ್ತದೆ.

ನನ್ನ ಅಣ್ಣನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಊರಿಗೆ ಬರುವ ಮುಂಚೆ ಫೋನು ಮಾಡಿ, "ಚಿಕ್ಕಪ್ಪ, ನಿಮ್ಮ ಸೆಟ್ಟಿಗೆ ಒಂದು ಡಿಜಿಟಲ್ ಟ್ಯೂನರ್ ತರ್ತೀನಿ. ಇಲ್ಲಿ ಸೆಕೆಂಡ್‌ಹ್ಯಾಂಡ್ ಒಳ್ಳೊಳ್ಳೆಯವು ಸಿಗ್ತವೆ. ಕೇಂಬ್ರಿಜ್ ಆಡಿಯೊ 640ಟಿ ನೋಡಿದೀನಿ, ಪ್ಯೂರ್ ಕಂಪನಿದೂ ಒಂದಿದೆ. ಯಾವ್ದು ಬೇಕು ಹೇಳಿ" ಅಂದ. ಅಷ್ಟು ಪ್ರೀತಿಯಿಂದ ಕೇಳಿದ ಹುಡುಗನಿಗೆ ಬೇಡ ಎಂದು ಒಂದೇ ಮಾತಿನಲ್ಲಿ ಮುಗಿಸಲು ಮನಸ್ಸು ಬರಲಿಲ್ಲ. ಯಾಕೆ ಬೇಡ, ಅದರ ಬದಲು ಏನು ಬೇಕು ಎಂದು ವಿವರಿಸಿದೆ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಮಲೆನಾಡಿನ ಬೇರೆ ಮನೆಗಳಿಗೂ ಇದು ಉಪಯೋಗಕ್ಕೆ ಬಂದೀತು.

ನಮ್ಮ ತೋಟ ಎಡಕುಮೇರಿ ಕಣಿವೆಯ ಮೇಲ್ಭಾಗದಲ್ಲಿದೆ. ಎಡಕುಮೇರಿಯನ್ನು ಹೆಚ್ಚಿನವರು ನೋಡಿರುವುದು ರೈಲಿನ ಕಿಟಕಿಯಿಂದ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಟ್ಟದ ಹಳಿಯಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ಪ್ರತಿ ಐವತ್ತು ಮೀಟರಿಗೆ ಒಂದು ಮೀಟರಿನಂತೆ ಹಳಿ ಇಳಿಯುತ್ತ ಹೋಗುತ್ತದೆ. ದೋಣಿಗಾಲು, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ದಾಟಿದರೆ ಸುಬ್ರಹ್ಮಣ್ಯ ರೋಡ್. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ಈ ದಾರಿ 1996ರಲ್ಲಿ ಗೇಜ್ ಬದಲಾವಣೆಗೆಂದು ನಿಂತು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೆ ಮತ್ತೆ ತೆರೆಯಿತು. ಎಡಕುಮೇರಿ ನಿಲ್ದಾಣಕ್ಕೆ ವಾಹನ ಹೋಗುವಂಥ ರಸ್ತೆಯಿಲ್ಲ. ಹಳಿಯೇ ಅದರ ರಸ್ತೆ.

ರೇಡಿಯೊ ಅಲೆಗಳಿಗೂ ಇಲ್ಲಿ ಹಾದಿ ಕಷ್ಟದ್ದೇ. ನಮ್ಮ ಜಿಲ್ಲೆಯ ಆಕಾಶವಾಣಿ ಹಾಸನದ್ದು, 102.2 ಮೆಗಾಹರ್ಟ್ಸ್. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಐವತ್ತು ಕಿ.ಮೀ. ಆಸುಪಾಸು. ಬಯಲುಸೀಮೆಯಲ್ಲಿ ಅದೊಂದು ದೂರವೇ ಅಲ್ಲ. ಆದರೆ ಎಫ್‌ಎಂ ಅಲೆಯ ಉದ್ದ ಮೂರು ಮೀಟರ್ ಮಾತ್ರ. ಇಷ್ಟು ಗಿಡ್ಡ ಅಲೆ ಬೆಟ್ಟದ ಬೆನ್ನೇರಿ ಆಚೆಯ ಕಣಿವೆಗೆ ಬಾಗಿ ಇಳಿಯುವುದು ಬಹಳ ಕಡಿಮೆ. ಕಂಡಷ್ಟು ದೂರ ಅದರ ಓಟ. ಆಲೂರಿನ ಕಡೆ, ಮಗ್ಗೆ, ಪಾಳ್ಯದ ಕಡೆ ನೆಲ ತೆರೆದುಕೊಂಡಿದೆ. ಅಲ್ಲಿನ ನಮ್ಮ ನೆಂಟರ ಮನೆಯಲ್ಲಿ ಕಿಟಕಿಗೆ ಸಿಕ್ಕಿಸಿದ ಒಂದು ತಂತಿಗೇ ಹಾಸನ ಗಟ್ಟಿಯಾಗಿ ಬರುತ್ತದೆ. ನಮ್ಮಲ್ಲಿ ಮೂಡಣದ ಗುಡ್ಡಸಾಲು ಅದನ್ನು ತಡೆದು ನಿಲ್ಲಿಸುತ್ತದೆ. ಮಂಗಳೂರು ಹಾಸನಕ್ಕಿಂತ ದೂರ. ಆದರೂ ಕೆಂಪುಹೊಳೆಯ ಕಣಿವೆ ಗುಂಡ್ಯದತ್ತ, ಪಡುವಣಕ್ಕೆ ತೆರೆದಿರುವುದರಿಂದ ಮಂಗಳೂರಿನ 100.3 ನಮ್ಮ ಅಂಗಳದವರೆಗೆ ಹತ್ತಿ ಬರುತ್ತದೆ. ಮಡಿಕೇರಿಯ 103.1ಕ್ಕೆ 1712 ಮೀಟರ್ ಎತ್ತರದ ಪುಷ್ಪಗಿರಿಯೇ ಅಡ್ಡ. ಹೀಗಾಗಿ ನಮ್ಮ ಪಹಣಿ ಹಾಸನ ಜಿಲ್ಲೆಯದು, ರೇಡಿಯೊ ದಕ್ಷಿಣ ಕನ್ನಡದ್ದು. ಬೆಳಗಿನ ಪೇಟೆ ಧಾರಣೆಯಲ್ಲಿ ಕಾಫಿ, ಮೆಣಸಿನ ಬದಲು ಅಡಿಕೆಯ ಮಾತೇ ಹೆಚ್ಚು ಕೇಳಿ ಬೆಳೆದ ಮಕ್ಕಳು ನಮ್ಮವು.

ಬರುವ ಎಫ್‌ಎಂ ಕೂಡ ಒಂದೇ ದಾರಿಯಲ್ಲಿ ಬರುವುದಿಲ್ಲ. ನೇರವಾಗಿ ಬಂದದ್ದು ಒಂದು, ಎದುರು ಗುಡ್ಡಕ್ಕೆ ಬಡಿದು ಸ್ವಲ್ಪ ತಡವಾಗಿ ಬಂದದ್ದು ಇನ್ನೊಂದು. ಬಂಡೆಯ ಮುಂದೆ ನಿಂತು ಕೂಗಿದ ಮಾತಿನ ಮೇಲೆ ಅದರದೇ ಮಾರ್ದನಿ ಬಿದ್ದಂತೆ ಇವೆರಡೂ ಒಂದರ ಮೇಲೊಂದು ಬಿದ್ದು ಸ್ವರ ಒಡೆಯುತ್ತದೆ. ಸ್ಟೀರಿಯೊ ಪ್ರಸಾರಕ್ಕೆ ಈ ಪೆಟ್ಟು ಇನ್ನೂ ಜೋರು. ಗಾಯಕಿ ಸ ಎಂದ ಕಡೆಯೆಲ್ಲ ಸುಯ್ ಎಂದು ಸೇರಿಕೊಳ್ಳುತ್ತದೆ. ಇದಕ್ಕೆ ಮದ್ದು ಟ್ಯೂನರಿನ ಒಳಗಿಗಿಂತ ಹೊರಗೇ ಹೆಚ್ಚು. 100 ಮೆಗಾಹರ್ಟ್ಸಿಗೆ ಸರಿಯಾದ ಡೈಪೋಲಿನ ಒಂದೊಂದು ತೋಳು ಸುಮಾರು 71 ಸೆಂಟಿಮೀಟರ್. ಅದರ ಹಿಂದೊಂದು, ಮುಂದೆರಡು ಅಲ್ಯೂಮಿನಿಯಂ ಕೊಳವೆ ಸೇರಿಸಿದರೆ ಒಂದೇ ದಿಕ್ಕಿಗೆ ಕಿವಿಗೊಡುವ ಯಾಗಿ ಆಂಟೆನಾ ಆಗುತ್ತದೆ. ನಮ್ಮದನ್ನು ಹೆಂಚಿನ ಮೇಲೆ ಬಿದಿರ ಗಳಕ್ಕೆ ಕಟ್ಟಿ ಮಂಗಳೂರಿನತ್ತ ತಿರುಗಿಸಿದ್ದೇವೆ. ಒಬ್ಬರು ಮೇಲೆ ಹತ್ತಿ ಅಂಗೈಯಗಲ ತಿರುಗಿಸುವುದು, ಇನ್ನೊಬ್ಬರು ಒಳಗಿನಿಂದ "ಸಾಕು, ಇನ್ನೊಂಚೂರು ಹಿಂದಕ್ಕೆ" ಎಂದು ಕೂಗುವುದು. ಎದುರು ಗುಡ್ಡದ ಪ್ರತಿಫಲನ ಆಂಟೆನಾದ ಬೆನ್ನಿಗೆ ಬಿದ್ದ ಕೂಡಲೇ ಧ್ವನಿ ತಿಳಿಯಾಯಿತು. ಟ್ಯೂನರಿನಲ್ಲಿ ಮೋನೊ ಗುಂಡಿ ಇರಲೇಬೇಕು ಎಂದು ನಾನು ಹೇಳುವುದೂ ಇದಕ್ಕೇ. ದುರ್ಬಲ ಅಲೆಯಲ್ಲಿ ಸ್ಟೀರಿಯೊ ಬಿಟ್ಟು ಮೋನೊಗೆ ಬಂದರೆ ಹಿಸ್ಸೆನ್ನುವ ಸದ್ದು ಬಹಳಷ್ಟು ಇಳಿಯುತ್ತದೆ.

ಇಷ್ಟೆಲ್ಲ ಪಾಡು ಏಕೆಂದರೆ ಎಫ್‌ಎಂ 15 ಕಿಲೋಹರ್ಟ್ಸ್‌ವರೆಗಿನ ಧ್ವನಿಯನ್ನು ಹೊತ್ತು ತರುತ್ತದೆ. ಮಂಗಳೂರು ಆಕಾಶವಾಣಿಯ ತಾಳಮದ್ದಳೆಯನ್ನು ಒಳ್ಳೆಯ ಸ್ಪೀಕರಿನಲ್ಲಿ ಒಮ್ಮೆ ಕೇಳಬೇಕು. ಚೆಂಡೆಯ ಪೆಟ್ಟು, ಜಾಗಟೆಯ ಅಂಚು, ಅರ್ಥಧಾರಿ ಒಂದು ದೀರ್ಘ ವಾಕ್ಯ ಹೂಡುವ ಮುಂಚೆ ಎಳೆದುಕೊಳ್ಳುವ ಉಸಿರು ಎಲ್ಲವೂ ಕೋಣೆಯೊಳಗೆ ಬಂದು ನಿಲ್ಲುತ್ತವೆ. ರೇಡಿಯೊ ಅಂದರೆ ಕೊರಕೊರ ಸದ್ದು ಎಂದುಕೊಂಡವರು ರೇಡಿಯೊವನ್ನು ಸರಿಯಾಗಿ ಕೇಳಿಯೇ ಇಲ್ಲ.

ಈಗ ಹುಡುಗ ಹೇಳಿದ ಡಿಜಿಟಲ್ ಟ್ಯೂನರುಗಳ ವಿಷಯ. ಅವು ಡಿಎಬಿ ಎಂಬ ಪದ್ಧತಿಯವು. ಬಿಬಿಸಿ 1995ರಲ್ಲೇ ಆ ಪ್ರಸಾರ ಶುರುಮಾಡಿತು. ನಾರ್ವೆ ದೇಶ 2017ರಲ್ಲಿ ರಾಷ್ಟ್ರೀಯ ವಾಹಿನಿಗಳ ಎಫ್‌ಎಂ ನಿಲ್ಲಿಸಿ ಪೂರ್ತಿ ಅದಕ್ಕೇ ಹೊರಳಿತು. ಡಿಎಬಿ ಕೆಲಸ ಮಾಡುವುದು 174ರಿಂದ 240 ಮೆಗಾಹರ್ಟ್ಸ್ ನಡುವೆ. ನಮ್ಮ ಆಕಾಶವಾಣಿ ಆ ಪದ್ಧತಿಯನ್ನು ಆಯ್ದುಕೊಳ್ಳಲಿಲ್ಲ. ಎಡಕುಮೇರಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಅಂಥ ಟ್ಯೂನರಿನ ಡಿಜಿಟಲ್ ಭಾಗಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ, ಜೊತೆಗಿರುವ ಎಫ್‌ಎಂ ಒಂದೇ ಗತಿ. ಬ್ರಿಟನ್ನಿನಲ್ಲೂ ಹಳೆಯ ಡಿಎಬಿ ಟ್ಯೂನರುಗಳ ಕತೆ ಸುಖದ್ದಲ್ಲ. 2007ರ ಹೊತ್ತಿಗೆ ಡಿಎಬಿ ಪ್ಲಸ್ ಎಂಬ ಹೊಸ ರೂಪ ಬಂತು. ಅದರ ಸಂಕೇತ ಬಿಡಿಸುವ ವಿದ್ಯೆ ಹಳೆಯ ಪೆಟ್ಟಿಗೆಗಳಿಗೆ ಗೊತ್ತಿಲ್ಲ. ಒಂದೊಂದೇ ವಾಹಿನಿ ಪ್ಲಸ್‌ಗೆ ಹೋದಂತೆಲ್ಲ ಆ ಪೆಟ್ಟಿಗೆಗಳು ಒಂದೊಂದೇ ವಾಹಿನಿಯನ್ನು ಕಳೆದುಕೊಳ್ಳುತ್ತ ಬಂದವು. ಅಮೆರಿಕದ ಎಚ್‌ಡಿ ರೇಡಿಯೊ ಬೇರೆಯದೇ ಪದ್ಧತಿ, ಅದೂ ನಮಗೆ ಒಗ್ಗದು. ನಮ್ಮ ಅಂಗಡಿಗಳಲ್ಲಿ 'ಡಿಜಿಟಲ್ ರೇಡಿಯೊ' ಎಂದು ಕೊಡುವುದು ಬಹುಪಾಲು ಅಂಕಿ ತೋರಿಸುವ ಪರದೆಯಿರುವ ಸಾದಾ ಎಫ್‌ಎಂ ಸೆಟ್ಟನ್ನು. ಮುಳ್ಳಿನ ಬದಲು ಅಂಕಿ ಬಂದಿದೆ ಎಂಬುದನ್ನು ಬಿಟ್ಟರೆ ಅದರಲ್ಲಿ ಬರುವ ಅಲೆ ಹಳೆಯದೇ. ಡಿಜಿಟಲ್ ಎಂದ ಕೂಡಲೇ ಯಾವ ಡಿಜಿಟಲ್ ಎಂದು ಕೇಳುವ ಅಭ್ಯಾಸ ಬೇಕು.

ಭಾರತ ಆರಿಸಿಕೊಂಡದ್ದು ಡಿಆರ್‌ಎಂ. ಡಿಜಿಟಲ್ ರೇಡಿಯೊ ಮಾಂಡಿಯಲ್ ಎಂದು ಅದರ ಪೂರ್ಣ ಹೆಸರು. ಆಕಾಶವಾಣಿ ದೇಶದ ಮೂವತ್ತಕ್ಕೂ ಹೆಚ್ಚು ಮೀಡಿಯಂ ವೇವ್ ಪ್ರೇಷಕಗಳಿಗೆ ಈ ಸೌಕರ್ಯ ಅಳವಡಿಸಿತು. ಬೆಂಗಳೂರಿನ 612 ಕಿಲೋಹರ್ಟ್ಸ್ ಅವುಗಳಲ್ಲೊಂದು. ನಾನು ಇದನ್ನು ಬಹಳ ಮುಖ್ಯ ಎಂದುಕೊಳ್ಳುವುದಕ್ಕೆ ಕಾರಣ ಅಲೆಯ ಉದ್ದ. 612 ಕಿಲೋಹರ್ಟ್ಸ್ ಅಲೆ ಸುಮಾರು 490 ಮೀಟರ್ ಉದ್ದದ್ದು. ಅಷ್ಟುದ್ದದ ಅಲೆ ನೆಲವನ್ನು ಹಿಡಿದುಕೊಂಡು, ಗುಡ್ಡ ಬಳಸಿಕೊಂಡು ಸಾಗಬಲ್ಲದು. ಬೆಂಗಳೂರು ನಮಗೆ ಇನ್ನೂರು ಕಿ.ಮೀ.ಗೂ ಹೆಚ್ಚು ದೂರ. ಹಾಸನದ ಎಫ್‌ಎಂ ಸೋತ ಕಡೆ 200 ಕಿಲೋವಾಟಿನ ಈ ಮೀಡಿಯಂ ವೇವ್ ಹಗಲಿನಲ್ಲೂ ತಲುಪುತ್ತದೆ. ಹಳೆಯ ಪದ್ಧತಿಯಲ್ಲಿ ಅದಕ್ಕೆ ಎರಡು ಕೊರತೆ: ಧ್ವನಿ ನಾಲ್ಕೈದು ಕಿಲೋಹರ್ಟ್ಸಿಗೇ ಕತ್ತರಿಸಿಹೋಗುತ್ತದೆ, ಮತ್ತು ಲೋಕದ ಎಲ್ಲ ವಿದ್ಯುತ್ ಗದ್ದಲವೂ ಅದರೊಳಗೆ ನುಗ್ಗುತ್ತದೆ. ಡಿಆರ್‌ಎಂ ಅದೇ 9 ಕಿಲೋಹರ್ಟ್ಸಿನ ಕಿರಿದಾದ ಜಾಗದಲ್ಲಿ ಅಂಕಿಗಳಾಗಿ ಧ್ವನಿ ಕಳಿಸಿ ಈ ಎರಡನ್ನೂ ನೀಗಿಸಲು ನೋಡುತ್ತದೆ. ದೂರ ಮತ್ತು ಸ್ವಚ್ಛತೆ ಎರಡೂ ಬೇಕಾದ ಘಟ್ಟದ ಮನೆಗೆ ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದಿಲ್ಲ.

ಕಾಗದದ ಮೇಲಿನದು ಕಿವಿಗೆ ಹೇಗೆ ಬೀಳುತ್ತದೆ ಎಂದು ನೋಡುವ ಅವಕಾಶ ಪಕ್ಕದ ತೋಟದವರ ಕಾರಿನಿಂದ ಒದಗಿತು. ಕೆಲವು ಹೊಸ ಕಾರುಗಳಲ್ಲಿ ಕಂಪನಿಯೇ ಡಿಆರ್‌ಎಂ ರೇಡಿಯೊ ಕೂರಿಸಿ ಕೊಡುತ್ತದೆ, ಮಾಲೀಕರಿಗೆ ಎಷ್ಟೋ ಸಲ ಅದು ತಿಳಿದಿರುವುದೇ ಇಲ್ಲ. ಕಾಫಿ ಒಣಗಿಸುವ ಕಣದ ಅಂಚಿಗೆ ಕಾರು ತಂದು ನಿಲ್ಲಿಸಿ ಎಎಂ ಒತ್ತಿ ಹುಡುಕಿದೆವು. ಮೊದಲು ಹಳೆಯ ಬಗೆಯ ಮಂದ ಧ್ವನಿ. ಪಕ್ಕದ ಜಾಗಕ್ಕೆ ಸರಿದಾಗ ಗರ್ರೆಂಬ ಒಂದೇ ಸಮನೆ ಸದ್ದು, ಆಮೇಲೆ ಪೂರ್ತಿ ಮೌನ, ಪರದೆಯ ಮೇಲೆ ಅಕ್ಷರಗಳು. ಒಂದೆರಡು ಉಸಿರಿನಷ್ಟು ಹೊತ್ತು ಕಳೆದು ಇದ್ದಕ್ಕಿದ್ದಂತೆ ಒಂದು ಹೆಣ್ಣುದನಿ ಹಿಂದೆ ಯಾವ ಸದ್ದೂ ಇಲ್ಲದೆ, ಪಕ್ಕದ ಸೀಟಿನಲ್ಲಿ ಕೂತು ಮಾತನಾಡಿದಂತೆ ಬಂತು. ಪಕ್ಕದ ತೋಟದ ಗೌಡರು, "ಇದು ನಮ್ ರೇಡಿಯೊನೇನಾ?" ಎಂದು ವಾಲ್ಯೂಮ್ ಏರಿಸಿದರು. ನನಗೂ ಮೈ ಜುಮ್ಮೆಂದಿತು. ಆದರೆ ಕಾರನ್ನು ಬೇಲಿಯ ಕಡೆ ತಂದ ಕೂಡಲೇ ಧ್ವನಿ ತುಂಡು ತುಂಡಾಗಿ, ಆಮೇಲೆ ನಿಂತೇಹೋಯಿತು. ಹಳೆಯ ಮೀಡಿಯಂ ವೇವ್ ಆಗಿದ್ದರೆ ಕೊರಕೊರ ಎನ್ನುತ್ತಲಾದರೂ ಅರ್ಥವಾಗುವಷ್ಟು ಹೇಳುತ್ತಿತ್ತು. ಡಿಜಿಟಲ್ಲಿನ ಸ್ವಭಾವವೇ ಹಾಗೆ. ಇದ್ದಷ್ಟು ಹೊತ್ತು ಪೂರ್ತಿ ಇರುತ್ತದೆ, ಒಂದು ಮಟ್ಟಕ್ಕಿಂತ ಅಲೆ ಕುಗ್ಗಿದರೆ ಒಮ್ಮೆಲೇ ಇಲ್ಲವಾಗುತ್ತದೆ.

ಬೇಲಿಯ ಮಾತು ಬಂತಲ್ಲ, ಅದನ್ನೂ ಹೇಳಬೇಕು. ಸಕಲೇಶಪುರ, ಆಲೂರು ಕಡೆ ಆನೆಯ ಹಾವಳಿ ಎಲ್ಲರಿಗೂ ಗೊತ್ತಿರುವುದೇ. ತೋಟದ ಸುತ್ತ ಸೋಲಾರ್ ಬೇಲಿ ಹಾಕಿರುತ್ತೇವೆ. ಬೇಲಿಯ ಪೆಟ್ಟಿಗೆ ಸೆಕೆಂಡಿಗೊಮ್ಮೆಯಂತೆ ತಂತಿಗೆ ವಿದ್ಯುತ್ ಪೆಟ್ಟು ಕೊಡುತ್ತದೆ. ಹಸಿ ಬಳ್ಳಿ ತಂತಿಗೆ ತಾಗಿತೆಂದರೆ ಅಲ್ಲಿ ಕಿಡಿ. ಆ ಕಿಡಿ ಮೀಡಿಯಂ ವೇವಿನಲ್ಲಿ ಟಕ್ ಟಕ್ ಎಂದು ಕೇಳುತ್ತದೆ. ಟ್ಯೂನರ್ ಹಿಂಬದಿಯ ಎಎಂ ಲೂಪ್ ಆಂಟೆನಾ, ಅಂದರೆ ಆ ಚೌಕಾಕಾರದ ತಂತಿಸುರುಳಿ, ಇಲ್ಲಿ ಕೆಲಸಕ್ಕೆ ಬರುತ್ತದೆ. ಲೂಪಿಗೆ ತನ್ನ ಅಂಚಿನ ದಿಕ್ಕಿನಿಂದ ಬಂದದ್ದು ಜೋರಾಗಿ ಕೇಳುತ್ತದೆ, ಮುಖದ ನೇರದಿಂದ ಬಂದದ್ದು ಕೇಳುವುದೇ ಇಲ್ಲ. ಬೇಲಿಗೆ ಮುಖಮಾಡಿ ತಿರುಗಿಸುತ್ತ ಹೋದರೆ ಒಂದು ಬಿಂದುವಿನಲ್ಲಿ ಟಕ್ ಟಕ್ ಮುಳುಗಿ ಬೆಂಗಳೂರು ಎದ್ದು ಬರುತ್ತದೆ. ಎಲ್‌ಇಡಿ ಬಲ್ಬು, ಯುಪಿಎಸ್, ಫೋನಿನ ಚಾರ್ಜರ್ ಇವುಗಳದ್ದೂ ಇದೇ ಕಾಟ. ಸುದ್ದಿಯ ಹೊತ್ತಿಗೆ ಚಾರ್ಜರ್ ಕಿತ್ತಿಡುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಅಭ್ಯಾಸವಾಗಿದೆ. ಡಿಆರ್‌ಎಂ ಬಂದರೆ ಗದ್ದಲ ಮಾಯ ಎನ್ನುವವರು ಈ ಕಿಡಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಅದು ಡಿಆರ್‌ಎಂ ಅಂಕಿಗಳನ್ನೂ ಕೆಡಿಸುತ್ತದೆ. ಬೇಲಿ ಸವರಿ ಬಳ್ಳಿ ತೆಗೆಯುವುದು ರೇಡಿಯೊ ಕೆಲಸವೂ ಹೌದು.

ನಾನು ಯಾವ ಅಂಗಡಿಯಲ್ಲೂ ಹೈ-ಫೈ ಸಾಲಿನಲ್ಲಿ ಕೂರಿಸುವಂಥ ಡಿಆರ್‌ಎಂ ಟ್ಯೂನರ್ ಕಂಡಿಲ್ಲ. ಸಿಗುವುದು ಕಾರಿನ ಸೆಟ್ಟು, ಅಪರೂಪಕ್ಕೆ ಕೈಯಲ್ಲಿ ಹಿಡಿಯುವ ಸೆಟ್ಟು. ಇದು ನನಗೆ ನಿಜವಾಗಿ ಸಂಕಟದ ವಿಷಯ. ಪ್ರೇಷಕಗಳಿಗೆ ಅಷ್ಟು ಹಣ ಹಾಕಿದ ದೇಶದಲ್ಲಿ ರೈತನ ಜಗಲಿಗೆ ಒಂದು ಅಗ್ಗದ ಸೆಟ್ಟು ಬರಲಿಲ್ಲ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ವಿಠ್ಠಲ ವಿಹಾರದಿಂದ 30 ವಾಟಿನ ಪುಟ್ಟ ಪ್ರೇಷಕದಲ್ಲಿ ಪ್ರಸಾರ ಆರಂಭಿಸಿ ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟರು. ಒಂದು ಬಲ್ಬಿನಷ್ಟು ಶಕ್ತಿಯಲ್ಲಿ ಶುರುವಾದ ಆ ಕೆಲಸ ಬೆಳೆದು ಇಡೀ ದೇಶದ ಬಾನುಲಿಗೆ ಹೆಸರು ಕೊಟ್ಟಿತು. ಕೇಳುಗನ ಕೈಗೆ ಸೆಟ್ಟು ತಲುಪದಿದ್ದರೆ ಕಿಲೋವಾಟುಗಳಿಂದ ಪ್ರಯೋಜನವಿಲ್ಲ.

ನಮ್ಮ ಆಂಪ್ಲಿಫೈಯರ್ ಮೇಲೆ ಟ್ಯೂನರ್ ಎಂದು ಬರೆದ ಜಾಗಕ್ಕೆ ಹಿಂದೊಮ್ಮೆ ನಿಜವಾದ ಡಿಜಿಟಲ್ ರೇಡಿಯೊ ಬಂದು ಕೂತಿತ್ತು. ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೊ. 2000ರಲ್ಲಿ ಏಷ್ಯಾಸ್ಟಾರ್ ಉಪಗ್ರಹ ಹಾರಿದ ಮೇಲೆ ಅದು ನಮ್ಮ ಕಡೆಯ ಎಸ್ಟೇಟುಗಳಿಗೂ ಬಂತು. ಪುಸ್ತಕದಷ್ಟು ಅಗಲದ ಚಪ್ಪಟೆ ಆಂಟೆನಾ, ಅದನ್ನು ಆಕಾಶಕ್ಕೆ ಮುಖಮಾಡಿ ಇಟ್ಟರೆ ಸಾಕು. ಶ್ರುತಿಯಲ್ಲಿ ಕರ್ನಾಟಕ ಸಂಗೀತ, ಗಾಂಧರ್ವದಲ್ಲಿ ಹಿಂದುಸ್ತಾನಿ, ಸ್ಪರ್ಶದಲ್ಲಿ ಕನ್ನಡ ಹಾಡು. ಎಫ್‌ಎಂ ಇಲ್ಲದ ಕಣಿವೆಗಳಿಗೆ ಅದು ಹಗಲಿರುಳೂ ಸಂಗೀತ ಇಳಿಸಿತು. 1.5 ಗಿಗಾಹರ್ಟ್ಸಿಗಿಂತ ಕೊಂಚ ಕೆಳಗಿನ ಅದರ ಅಲೆಗೆ ಮಳೆಯ ಲೆಕ್ಕವಿರಲಿಲ್ಲ, ಜುಲೈಯ ಜಡಿಮಳೆಯಲ್ಲೂ ಹಾಡು ನಿಲ್ಲುತ್ತಿರಲಿಲ್ಲ. ಅಮೆರಿಕದ ಮೂಲ ಕಂಪನಿ 2008ರಲ್ಲಿ ದಿವಾಳಿ ಅರ್ಜಿ ಹಾಕಿತು, 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ಮುಗಿಯಿತು. ಚಂದಾ ಕಟ್ಟಿದರೆ ಮಾತ್ರ ಬೀಗ ತೆರೆಯುವ ಪದ್ಧತಿ ಅದು. ಉಪಗ್ರಹ ಮೇಲಿತ್ತು, ಪೆಟ್ಟಿಗೆ ಕೆಟ್ಟಿರಲಿಲ್ಲ, ಆದರೂ ಬೀಗದ ಕೈ ಕೊಡುವವರು ಇಲ್ಲವಾದರು. ಟ್ಯೂನರ್ ಆರಿಸುವಾಗ ನಾನು ಈಗ ಮೊದಲು ನೋಡುವುದು ಇದನ್ನೇ. ಈ ಪೆಟ್ಟಿಗೆ ಹಾಡಲು ಎಷ್ಟು ಜನರ ಅನುಮತಿ ಬೇಕು?

ಆ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುವ ಡಿಜಿಟಲ್ ಟ್ಯೂನರ್ ಒಂದು ನಮ್ಮೂರಿನ ಮನೆ ಮನೆಯ ಮೇಲೂ ಇದೆ, ಅದನ್ನು ಯಾರೂ ಟ್ಯೂನರ್ ಎಂದು ಎಣಿಸುವುದಿಲ್ಲ. ಡಿಡಿ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದದ್ದು. ಡಿಶ್ಶು, ಪೆಟ್ಟಿಗೆಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆಯಿಲ್ಲ. ಟಿವಿ ವಾಹಿನಿಗಳ ಜೊತೆ ಆಕಾಶವಾಣಿಯ ನಲವತ್ತಕ್ಕೂ ಹೆಚ್ಚು ರೇಡಿಯೊ ವಾಹಿನಿಗಳು ಅದರಲ್ಲಿವೆ. ಕನ್ನಡ ವಾಹಿನಿ ಇದೆ, ವಿವಿಧ ಭಾರತಿ ಇದೆ. 2016ರ ಜನವರಿ 26ರಂದು ಆಕಾಶವಾಣಿ ಇಪ್ಪತ್ತನಾಲ್ಕು ಗಂಟೆಯ ಶಾಸ್ತ್ರೀಯ ಸಂಗೀತ ವಾಹಿನಿ ರಾಗಂ ಆರಂಭಿಸಿದ್ದೂ ಡಿಟಿಎಚ್ ಮತ್ತು ಆ್ಯಪ್ ಕೇಳುಗರಿಗಾಗಿಯೇ. ರಿಮೋಟಿನಲ್ಲಿ ರೇಡಿಯೊ ಎಂಬ ಗುಂಡಿ ಇರುತ್ತದೆ, ಬಹುಪಾಲು ಮನೆಗಳಲ್ಲಿ ಅದರ ಬಣ್ಣ ಮಾಸಿರುವುದಿಲ್ಲ.

ಘಟ್ಟಕ್ಕೆ ಇದು ಒಗ್ಗುವ ಕಾರಣ ಬಹಳ ಸರಳ. ಎಫ್‌ಎಂ ಅಡ್ಡಲಾಗಿ ಬರುತ್ತದೆ, ಗುಡ್ಡ ತಡೆಯುತ್ತದೆ. ಫ್ರೀ ಡಿಶ್ಶಿನ ಜಿಸ್ಯಾಟ್-15 ಇರುವುದು ಪೂರ್ವ ರೇಖಾಂಶ 93.5 ಡಿಗ್ರಿಯ ಮೇಲೆ. ಎಡಕುಮೇರಿಯಿಂದ ನೋಡಿದರೆ ಅದು ಆಗ್ನೇಯಕ್ಕೆ, ದಿಗಂತದಿಂದ ಸುಮಾರು 64 ಡಿಗ್ರಿ ಮೇಲಿರುತ್ತದೆ. ಅಷ್ಟೆತ್ತರದಿಂದ ಇಳಿಯುವುದನ್ನು ತಡೆಯುವ ಗುಡ್ಡ ನಮ್ಮಲ್ಲಿಲ್ಲ. ತಡೆಯುವುದು ಸಿಲ್ವರ್ ಓಕ್ ಮರ, ಮತ್ತು ಮಳೆ. ಮರದ ರೆಂಬೆ ಕಡಿಸಬಹುದು. ಮಳೆಗೆ ಉಪಾಯವಿಲ್ಲ. ಕೆಯು ಬ್ಯಾಂಡಿನ ಆ ಅಲೆ ಎರಡೂವರೆ ಸೆಂಟಿಮೀಟರಿನಷ್ಟು ಚಿಕ್ಕದು, ದಟ್ಟ ಮಳೆಹನಿಗಳಲ್ಲಿ ಹೀರಿಹೋಗುತ್ತದೆ. ಬಯಲಿನವರು ಕೊಳ್ಳುವ 60 ಸೆಂಟಿಮೀಟರ್ ಡಿಶ್ಶಿನ ಬದಲು ಒಂದು ಅಳತೆ ದೊಡ್ಡದು ಹಾಕಿಸಿದರೆ ಸಾಧಾರಣ ಮಳೆಯನ್ನು ದಾಟಬಹುದು. ಕೇಬಲ್ ಸೇರುವ ಕಡೆ ನೀರಿಳಿಯದಂತೆ ರಬ್ಬರ್ ಟೇಪು ಸುತ್ತಿಸಬೇಕು. ಇಲ್ಲಿನ ಒಂದು ಮಳೆಗಾಲ ಸಾಕು, ಒಳಗಿನ ತಾಮ್ರ ಹಸಿರುಗಟ್ಟಲು.

ಪೆಟ್ಟಿಗೆಯ ಹಿಂದೆ ಹಳದಿ, ಕೆಂಪು, ಬಿಳಿ ಮೂರು ತೂತುಗಳಿರುತ್ತವೆ. ಹಳದಿ ಚಿತ್ರಕ್ಕೆ. ಕೆಂಪು, ಬಿಳಿಯನ್ನು ಆಂಪ್ಲಿಫೈಯರಿನ ಟ್ಯೂನರ್ ತೂತಿಗೆ ಸೇರಿಸಿದರೆ ಆಯಿತು. ಟಿವಿ ಹಚ್ಚದೆಯೇ ಕೇಳಬೇಕೆಂದರೆ ಬೇಕಾದ ವಾಹಿನಿಯ ನಂಬರನ್ನು ಬರೆದಿಟ್ಟುಕೊಂಡು ರಿಮೋಟಿನಲ್ಲಿ ಒತ್ತಬೇಕು. ನಮ್ಮ ಪೆಟ್ಟಿಗೆಯ ಮೇಲೆ ಅಂಥ ಚೀಟಿ ಅಂಟಿಸಿದೆ. ರಾತ್ರಿ ಊಟವಾದ ಮೇಲೆ ದೀಪವಾರಿಸಿ ಒಂದು ನಂಬರು ಒತ್ತಿದರೆ ತೋಡಿ ರಾಗದ ಆಲಾಪ ಹಿಸ್ಸೆನ್ನದೆ, ಒಡೆಯದೆ ಬರುತ್ತದೆ. ಬೆಂಗಳೂರಿನ ಎಫ್‌ಎಂ ಕೇಳುಗರಿಗೆ ಸಿಗುವ ನಿಶ್ಶಬ್ದ ಹಿನ್ನೆಲೆ ನಮಗೂ ಸಿಕ್ಕಿದೆ.

ಇಂಟರ್‌ನೆಟ್ ಟ್ಯೂನರ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಫೈಬರ್ ಬಂದ ಮನೆಗೆ ಅದು ವರ. ಆಕಾಶವಾಣಿಯ ಆ್ಯಪಿನಲ್ಲಿ ಹಾಸನವನ್ನೂ ಕೇಳಬಹುದು, ಮಂಗಳೂರನ್ನೂ. ನಮ್ಮ ಜಿಲ್ಲೆಯ ನಿಲ್ದಾಣವನ್ನು ನಾನು ಸರಿಯಾಗಿ ಕೇಳಿದ್ದು ಅದರಲ್ಲೇ. ಆದರೆ ಟ್ಯೂನರ್ ರೂಪದ ಇಂಟರ್‌ನೆಟ್ ಪೆಟ್ಟಿಗೆಗಳು ನಿಲ್ದಾಣಗಳ ಪಟ್ಟಿಗಾಗಿ ಯಾವುದೋ ದೂರದ ಸೇವೆಯನ್ನು ನೆಚ್ಚಿಕೊಂಡಿರುತ್ತವೆ. ರೆಸಿವಾ ಎಂಬ ಅಂಥ ಸೇವೆ 2021ರಲ್ಲಿ ಬಾಗಿಲು ಹಾಕಿದಾಗ ಜಗತ್ತಿನ ಎಷ್ಟೋ ಒಳ್ಳೆಯ ರೇಡಿಯೊಗಳು ನಿಲ್ದಾಣದ ಪಟ್ಟಿಯಿಲ್ಲದೆ ಕೂತವು. ಹಣ ಹಾಕುವುದಾದರೆ ಹಳೆಯ ಫೋನೊಂದನ್ನು ತಂತಿಯಲ್ಲಿ ಆಂಪ್ಲಿಫೈಯರಿಗೆ ಸೇರಿಸಿ, ಉಳಿದದ್ದನ್ನು ಆಂಟೆನಾಕ್ಕೆ ಹಾಕಿ ಎಂದು ನಾನು ಹೇಳುತ್ತೇನೆ.

2024ರ ಜುಲೈ 26ರಂದು ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಕುಸಿದು ರೈಲುಗಳು ನಿಂತವು. ಆ ಮಳೆಯಲ್ಲಿ ನಮ್ಮಲ್ಲಿ ಕರೆಂಟು ಹೋಗಿತ್ತು, ಮೊಬೈಲ್ ಗೋಪುರದ ಬ್ಯಾಟರಿ ಇಳಿದು ಫೋನು ಸತ್ತಿತ್ತು, ಡಿಶ್ಶು ಮೋಡದೆದುರು ಸೋತಿತ್ತು. ಮಾತನಾಡಿದ್ದು ಸೆಲ್ ಹಾಕಿದ ಟ್ರಾನ್ಸಿಸ್ಟರಿನ ಮೀಡಿಯಂ ವೇವ್ ಒಂದೇ. ಕರೆಂಟಿಲ್ಲದ್ದರಿಂದ ಚಾರ್ಜರು, ಬಲ್ಬುಗಳ ಗದ್ದಲವೂ ಇರಲಿಲ್ಲ, ಬೆಂಗಳೂರು ಎಂದಿಗಿಂತ ತಿಳಿಯಾಗಿ ಕೇಳಿಸಿತು. ಯಾವ ಘಾಟಿ ಮುಚ್ಚಿದೆ, ಎಲ್ಲಿ ಶಾಲೆಗೆ ರಜೆ ಎಂಬ ಸುದ್ದಿಗಾಗಿ ಸುತ್ತಮುತ್ತಲ ಮನೆಯವರೂ ಬಂದು ಕೂತರು. ಇದಾದ ಮೇಲೆ ಮೀಡಿಯಂ ವೇವ್ ಇಲ್ಲದ ಟ್ಯೂನರನ್ನು ನಮ್ಮ ಮನೆಗೆ ತರುವ ಮಾತನ್ನು ನಾನು ಒಪ್ಪುವುದಿಲ್ಲ.

ಇದನ್ನೆಲ್ಲ ಕೇಳಿದ ಹುಡುಗ ಡಿಎಬಿ ಕೈಬಿಟ್ಟ. ಅದರ ಬದಲು ಎಫ್‌ಎಂ, ಮೀಡಿಯಂ ವೇವ್ ಎರಡೂ ಇರುವ ಹಳೆಯ ಒಳ್ಳೆಯ ಟ್ಯೂನರ್ ತಾ ಎಂದೆ. ಬ್ರಿಟನ್ನಿನಿಂದ ತರುವುದಕ್ಕೆ ಒಂದು ಅನುಕೂಲವಿದೆ. ಅಲ್ಲಿನ ಮೀಡಿಯಂ ವೇವ್ ನಮ್ಮಂತೆಯೇ 9 ಕಿಲೋಹರ್ಟ್ಸಿನ ಹೆಜ್ಜೆಯಲ್ಲಿ ನಡೆಯುತ್ತದೆ. ಅಮೆರಿಕದ್ದು ಹತ್ತರ ಹೆಜ್ಜೆ, ಅಲ್ಲಿನ ಟ್ಯೂನರ್ 610ಕ್ಕೆ ನಿಂತು 620ಕ್ಕೆ ಹಾರುತ್ತದೆ, 612 ಅದಕ್ಕೆ ಸರಿಯಾಗಿ ಸಿಗದು. ಎಫ್‌ಎಂನ ಎತ್ತರದ ಸ್ವರಗಳನ್ನು ಹದಮಾಡುವ ಲೆಕ್ಕವೂ ನಮ್ಮದು, ಯುರೋಪಿನದು ಒಂದೇ, 50 ಮೈಕ್ರೊಸೆಕೆಂಡು. ಅಮೆರಿಕದ 75ರಲ್ಲಿ ಕೇಳಿದರೆ ಧ್ವನಿ ಮಂಕಾಗುತ್ತದೆ. ಕರೆಂಟೂ 230 ವೋಲ್ಟಿನದೇ. ಹಿಂಬದಿಯಲ್ಲಿ 75 ಓಮ್ ಆಂಟೆನಾ ತೂತು, ಲೂಪ್ ಕಚ್ಚಿಸುವ ಎರಡು ಕ್ಲಿಪ್ಪು, ಮುಂದೆ ಮೋನೊ ಗುಂಡಿ ಇವಿಷ್ಟನ್ನೂ ಫೋಟೊದಲ್ಲಿ ನೋಡಿ ಕೊಂಡುಕೊಳ್ಳಲು ಹೇಳಿದೆ. ಲೂಪನ್ನು ಮರೆಯಬಾರದೆಂದು ಬೇರೆಯಾಗಿ ನೆನಪಿಸಿದೆ. ಹಳೆಯ ಟ್ಯೂನರುಗಳಲ್ಲಿ ಮೊದಲು ಕಳೆದುಹೋಗುವುದು ಅದೇ. ಅವನು ತಂದದ್ದು ಈಗ ಡಿಶ್ ಪೆಟ್ಟಿಗೆಯ ಪಕ್ಕದಲ್ಲೇ ಇದೆ. ಬೇಸಿಗೆಯ ಕೊನೆಯಲ್ಲಿ ಗುಡುಗು ಶುರುವಾದರೆ ಎರಡರ ಕೇಬಲನ್ನೂ ಕಿತ್ತು ಕಿಟಕಿಯಾಚೆ ಇಳಿಬಿಡುತ್ತೇವೆ.

ಆಂಪ್ಲಿಫೈಯರಿನ ಒಂದು ತೂತನ್ನು ಡಿಆರ್‌ಎಂಗೆಂದು ಖಾಲಿ ಬಿಟ್ಟಿದ್ದೇನೆ. ಆಕಾಶವಾಣಿಯವರಲ್ಲಿ ನನ್ನ ಕೋರಿಕೆ ಎರಡೇ. ಯಾವ ಹೊತ್ತಿನಲ್ಲಿ ಯಾವ ಕಂಪನಾಂಕದಲ್ಲಿ ಡಿಆರ್‌ಎಂ ಪ್ರಸಾರವಿದೆ ಎಂಬುದನ್ನು ಕನ್ನಡದಲ್ಲಿ, ಬೆಳಗಿನ ಕಾರ್ಯಕ್ರಮ ವಿವರದ ಜೊತೆಗೇ ದಿನವೂ ಓದಿ ಹೇಳಲಿ. ಸಾವಿರ ರೂಪಾಯಿ ಆಸುಪಾಸಿನ ಡಿಆರ್‌ಎಂ ಸೆಟ್ಟು ಸಕಲೇಶಪುರದ ಪೇಟೆಯಲ್ಲಿ ಸಿಗುವವರೆಗೆ 612ರ ಹಳೆಯ ಮೀಡಿಯಂ ವೇವನ್ನು ನಿಲ್ಲಿಸದಿರಲಿ.